ಆಲ್ಝೈಮರ್ ಕಾಯಿಲೆ: ಕೋಲಾರ ಸೀಮೆಯ ಹಿರಿಯರಲ್ಲಿ ಬದಲಾವಣೆಗಳನ್ನು ಗುರುತಿಸುವುದು

ಆಲ್ಝೈಮರ್, ಮಿದುಳಿನ ನರಕೋಶಗಳು ವರ್ಷಾನುಗಟ್ಟಲೆ ನಿಧಾನವಾಗಿ ಸಾಯುತ್ತ ಹೋಗುವ ಕಾಯಿಲೆ. ನೆನಪು, ಮಾತು, ಲೆಕ್ಕ, ದಾರಿಯ ಗುರುತು ಒಂದೊಂದಾಗಿ ಸಡಿಲಗೊಂಡು, ಕೊನೆಗೆ ಉಣ್ಣುವುದು, ಉಡುವುದಕ್ಕೂ ಇನ್ನೊಬ್ಬರ ಕೈ ಬೇಕಾಗುತ್ತದೆ. ಹೀಗೆ ನೆನಪು, ಬುದ್ಧಿಶಕ್ತಿ ಕುಂದುವ ಡಿಮೆನ್ಷಿಯಾಕ್ಕೆ ಇರುವ ಹಲವು ಕಾರಣಗಳಲ್ಲಿ ಇದೇ ಹೆಚ್ಚು ಸಾಮಾನ್ಯವಾದದ್ದು. ಕನ್ನಡ ಪತ್ರಿಕೆಗಳು ಇದನ್ನು ಮರೆಗುಳಿ ರೋಗ ಎಂದು ಕರೆಯುವುದುಂಟು. ಆದರೆ ಮರೆವೇ ಎಲ್ಲರಲ್ಲೂ ಮೊದಲ ಲಕ್ಷಣವಲ್ಲ. ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲಿ ವರದಿ ಮಾಡಿದ ಮೊದಲ ರೋಗಿ ಆಗುಸ್ಟೆ ಡೆಟರ್ ಎಂಬಾಕೆಯ ವಿಷಯದಲ್ಲಿ ಮನೆಯವರ ಕಣ್ಣಿಗೆ ಮೊದಲು ಬಿದ್ದದ್ದು ಗಂಡನ ಮೇಲಿನ ವಿಪರೀತ ಸಂಶಯ. ಆಕೆಯ ಮಿದುಳಿನಲ್ಲಿ ಕಂಡ ಅಮಿಲಾಯ್ಡ್ ಗಡ್ಡೆಗಳೂ ಕೋಶದೊಳಗಿನ ಸಿಕ್ಕುಗಳೂ ಇಂದಿಗೂ ಈ ರೋಗದ ಗುರುತು.

ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಹಳ್ಳಿಯ ವೃದ್ಧಾಪ್ಯವನ್ನು ಹತ್ತಿರದಿಂದ ನೋಡುವ ಒಂದು ದೊಡ್ಡ ಪ್ರಯತ್ನ ನಡೆಯುತ್ತಿರುವುದು ಕೋಲಾರ ಜಿಲ್ಲೆಯಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ 2018ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ‘ಸ್ಯಾನ್ಸ್‌ಕಾಗ್’ ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಳ್ಳುವುದು ಅದರ ಗುರಿ. ಅವರ ರಕ್ತ, ವಂಶವಾಹಿ, ಮಿದುಳಿನ ಚಿತ್ರ, ನೆನಪಿನ ಶಕ್ತಿ ಎಲ್ಲವನ್ನೂ ವರ್ಷಗಳುದ್ದಕ್ಕೂ ಮರಳಿ ಮರಳಿ ಪರೀಕ್ಷಿಸಲಾಗುತ್ತದೆ. ಮಾವಿನ ತೋಟಗಳಿಗೆ ಹೆಸರಾದ ತಾಲ್ಲೂಕು ಈಗ ನರವಿಜ್ಞಾನದ ಲೇಖನಗಳಲ್ಲೂ ಹೆಸರು ಪಡೆದಿದೆ.

ಸಂಶೋಧಕರಿಗಿಂತ ಮೊದಲೇ ಬದಲಾವಣೆ ಗೊತ್ತಾಗುವುದು ಮನೆಯವರಿಗೆ. ಆದರೆ ಮನೆಯಲ್ಲಿ ಅದಕ್ಕೆ ‘ಅರವತ್ತಕ್ಕೆ ಅರಳು ಮರಳು’ ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಇವತ್ತು ಯಾವ ತಾರೀಖು, ನೂರರಿಂದ ಏಳು ಕಳೆಯಿರಿ ಎಂಬಂಥ ಪ್ರಶ್ನೆಗಳು ಶಾಲೆಯ ಮೆಟ್ಟಿಲು ಹತ್ತದವರನ್ನು ಅಳೆಯಲಾರವು. ಓದು ಬರಹ ಬಾರದವರಿಗೆಂದೇ ಬೇರೆ ಪರೀಕ್ಷೆಗಳನ್ನು ಭಾರತದಲ್ಲಿ ರೂಪಿಸಬೇಕಾಗಿ ಬಂದದ್ದು ಈ ಕಾರಣಕ್ಕೆ. ಒಬ್ಬ ತಾಯಿ ನಲವತ್ತು ವರ್ಷ ಮಾಡಿಕೊಂಡು ಬಂದ ಕೆಲಸವೇ ಅವಳಿಗೆ ಒಪ್ಪುವ ಅಳತೆಗೋಲು. ರೇಷ್ಮೆ ಸಾಕಿದ ಮನೆಯಲ್ಲಿ ಹುಳ ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವಾಗ, ಸೊಪ್ಪು ಹಾಕಬಾರದು ಎಂಬುದು ಮಕ್ಕಳಿಗೂ ಗೊತ್ತು. ಅಮ್ಮ ಆಗಲೂ ಸೊಪ್ಪು ಹರಡುತ್ತಿದ್ದರೆ, ಹಣ್ಣಾದ ಹುಳವನ್ನು ಗೂಡು ಕಟ್ಟುವ ಚಂದ್ರಂಕಿಗೆ ಬಿಡುವುದನ್ನು ಬಿಟ್ಟು ಸುಮ್ಮನೆ ನಿಂತಿದ್ದರೆ, ಅದು ಬರೀ ಮರೆವಲ್ಲ. ಕಣ್ಣಂದಾಜಿನಲ್ಲೇ ಎಸರಿಟ್ಟು ಮುದ್ದೆ ತಿರುವುತ್ತಿದ್ದವರ ಮುದ್ದೆ ದಿನವೂ ಗಂಟುಕಟ್ಟುವುದು, ಡೈರಿಯ ಬಟವಾಡೆ ದುಡ್ಡನ್ನು ಎಣಿಸಲಾಗದೆ ಅಪ್ಪ ಕಟ್ಟನ್ನೇ ಮಗನ ಕೈಗಿಡುವುದು, ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಟ್ಟು ಅಕ್ಕಿ ಅಲ್ಲೇ ಬಿಟ್ಟು ಬರುವುದು, ಹುಟ್ಟಿದೂರಿನ ಕೆರೆ ಏರಿಯ ಮೇಲೆ ದಾರಿ ತಪ್ಪುವುದು: ಇಂಥವನ್ನು ವೈದ್ಯರ ಮುಂದೆ ಹೇಳಬೇಕು.

ಕೀಲಿಕೈ ಎಲ್ಲಿಟ್ಟೆ ಎಂದು ಹುಡುಕುವುದು ವಯಸ್ಸಿಗೆ ಸಹಜ. ಕಳೆದದ್ದನ್ನು ಸೊಸೆಯೇ ಕದ್ದಳು ಎಂದು ದಿನವೂ ದೂರುವುದು ಸಹಜವಲ್ಲ. ಬಹಳ ಮನೆಗಳಲ್ಲಿ ಕಾಯಿಲೆ ಇಂಥ ಅತ್ತೆ–ಸೊಸೆ ಜಗಳದ ವೇಷದಲ್ಲಿ ಬರುತ್ತದೆ, ಸೊಸೆ ವೃಥಾ ಅಪವಾದ ಹೊರುತ್ತಾಳೆ. ಜೊತೆಯಲ್ಲೇ ಇರುವವರು ದಿನದಿನದ ಬದಲಾವಣೆಗೆ ಹೊಂದಿಕೊಂಡುಬಿಡುತ್ತಾರೆ. ಮಾಲೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ನೆಲೆಸಿದ ಮಗ, ಮುಳಬಾಗಿಲಿನಿಂದ ಮದುವೆಯಾಗಿ ಹೋದ ಮಗಳು ಯುಗಾದಿಗೆ ಬಂದಾಗ ಅವರಿಗೆ ಅದು ಥಟ್ಟನೆ ಕಾಣುತ್ತದೆ. ‘ನೀನು ಎರಡು ದಿನ ಇದ್ದು ಹೋಗೋಳು, ನಿನಗೇನು ಗೊತ್ತು’ ಎಂಬ ಮಾತೂ ಕೂಡಲೇ ಬರುತ್ತದೆ. ಇಬ್ಬರ ಮಾತೂ ವೈದ್ಯರಿಗೆ ಬೇಕು. ಒಂದು ವರ್ಷದ ಹಿಂದೆ ಹೇಗಿದ್ದರು ಎಂಬುದನ್ನು ಮಗಳು ಹೇಳಬಲ್ಲಳು, ರಾತ್ರಿ ಎಷ್ಟು ಸಲ ಎದ್ದು ಬಾಗಿಲು ತೆಗೆಯುತ್ತಾರೆ ಎಂಬುದನ್ನು ಸೊಸೆ ಮಾತ್ರ ಬಲ್ಲಳು.

ಗಡಿಸೀಮೆಯಾದ್ದರಿಂದ ಭಾಷೆಯ ವಿಷಯ ಇಲ್ಲಿ ವಿಶೇಷ. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ತಮಿಳು ಇಲ್ಲವೇ ಉರ್ದು ಆಡುವವರು ಸಾಮಾನ್ಯ. ಹೈದರಾಬಾದಿನ ನಿಮ್ಸ್ ಆಸ್ಪತ್ರೆಯ 648 ಡಿಮೆನ್ಷಿಯಾ ರೋಗಿಗಳನ್ನು ಕುರಿತು ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಅನಕ್ಷರಸ್ಥರಲ್ಲೂ ಈ ಅಂತರವಿತ್ತು. ಹಾಗೆಂದು ಎರಡು ಭಾಷೆ ಬಂದರೆ ರೋಗ ಬಾರದು ಎಂದಲ್ಲ. ಕಾಯಿಲೆ ಮುಂದುವರಿದಂತೆ ಆಮೇಲೆ ಕಲಿತ ಭಾಷೆ ಮೊದಲು ಜಾರುವುದುಂಟು. ಆದ್ದರಿಂದ ತೆಲುಗು ಮನೆಮಾತಿನ ಅಜ್ಜಿಯನ್ನು ಕನ್ನಡದಲ್ಲಷ್ಟೇ ಪರೀಕ್ಷಿಸಿದರೆ ಫಲಿತಾಂಶ ತಪ್ಪೀತು.

ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಂತ ರಕ್ತ, ನಿದ್ದೆ ಮಾತ್ರೆ, ಮದ್ಯ ಇವೂ ಅದೇ ರೂಪ ತಾಳುತ್ತವೆ. ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆ ಇದೆ. ಗಂಟೆ–ದಿನಗಳಲ್ಲಿ ಮಂಕು ಕವಿದರೆ ಸೋಂಕೋ ಪಾರ್ಶ್ವವಾಯುವೋ ಇರಬಹುದು, ಅದು ಕಾಯುವ ವಿಷಯವಲ್ಲ. ಕಿವಿ ಮಂದವಾದವರನ್ನು ಬುದ್ಧಿ ಮಂದವಾಯಿತು ಎಂದುಕೊಳ್ಳುವ ತಪ್ಪೂ ನಡೆಯುತ್ತದೆ. ಅಷ್ಟೇ ಅಲ್ಲ, ಕೇಳಿಸದಿರುವುದೇ ರೋಗದ ಅಪಾಯ ಹೆಚ್ಚಿಸುತ್ತದೆ. ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿಮಾಡಿದ 14 ಅಪಾಯಕಾರಣಗಳಲ್ಲಿ ಇದಲ್ಲದೆ ರಕ್ತದೊತ್ತಡ, ಮಧುಮೇಹ, ಕಡಿಮೆ ಶಿಕ್ಷಣ, ದೃಷ್ಟಿದೋಷಗಳೂ ಸೇರಿವೆ. ಈ ಹದಿನಾಲ್ಕನ್ನೂ ನೀಗಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದು ಅದರ ಲೆಕ್ಕ.

ರಾಜ್ಯ ಸರ್ಕಾರ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯ ಜೊತೆಗೂಡಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಮೂರು ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಅಲ್ಲಿಂದ ಮುಂದೆ ನಿಮ್ಹಾನ್ಸ್ ಈ ಭಾಗದವರಿಗೆ ಹತ್ತಿರದ ದಾರಿ. ಹಿರಿಯರ ಸಹಾಯವಾಣಿ 14567. ಡೊನೆಪೆಜಿಲ್, ಮೆಮಾಂಟಿನ್‌ನಂಥ ಮಾತ್ರೆಗಳು ಕೆಲವರಲ್ಲಿ ಲಕ್ಷಣಗಳನ್ನು ಕೆಲಕಾಲ ಹಗುರಗೊಳಿಸುತ್ತವೆ, ರೋಗವನ್ನು ಗುಣಪಡಿಸಲಾರವು.

ಜಮೀನಿರುವ ಮನೆಗಳಲ್ಲಿ ಇನ್ನೊಂದು ತೊಡಕು. ಕ್ರಯಪತ್ರಕ್ಕೋ ದಾನಪತ್ರಕ್ಕೋ ಅಪ್ಪ ಹೆಬ್ಬೆಟ್ಟು ಒತ್ತಿದ ದಿನ ಅವರಿಗೆ ಅರಿವಿತ್ತೇ ಎಂಬ ಪ್ರಶ್ನೆ ಆಮೇಲೆ ನ್ಯಾಯಾಲಯದವರೆಗೂ ಹೋಗಬಹುದು. 1872ರ ಭಾರತೀಯ ಕರಾರು ಕಾಯ್ದೆಯ 12ನೇ ಕಲಮು ನೋಡುವುದು ಒಪ್ಪಂದವಾದ ಹೊತ್ತಿನ ಮನಃಸ್ಥಿತಿಯನ್ನು. ಹೆಚ್ಚಿನ ಸಮಯ ಮತಿ ಸ್ಥಿಮಿತದಲ್ಲಿಲ್ಲದವರೂ ಅದು ತಿಳಿಯಾಗಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು ಎನ್ನುತ್ತದೆ ಅದು. ಬದಲಾವಣೆ ಕಂಡ ತಿಂಗಳು, ವರ್ಷವನ್ನು ಮನೆಯವರು ಬರೆದಿಟ್ಟುಕೊಂಡಿದ್ದರೆ, ವೈದ್ಯರ ಚೀಟಿಗಳನ್ನು ತೆಗೆದಿಟ್ಟಿದ್ದರೆ ಅವು ಚಿಕಿತ್ಸೆಗೂ ಇಂಥ ವ್ಯಾಜ್ಯಕ್ಕೂ ಒದಗುತ್ತವೆ.