ಸೋಪಿನ ಡಬ್ಬಿ ಮೇಲಿನ ಕತೆ

ಮನೆಯಲ್ಲಿ ಮೈಸೂರು ಸ್ಯಾಂಡಲ್ ಸೋಪು ಇದ್ದರೆ ಅದರ ಡಬ್ಬಿಯನ್ನು ಒಮ್ಮೆ ನೋಡಿ. ಆನೆಯ ತಲೆ, ಸಿಂಹದ ಮೈ ಇರುವ ಪ್ರಾಣಿಯೊಂದು ಕಾಣುತ್ತದೆ. ಅದರ ಹೆಸರು ಶರಭ.

ಈ ಸೋಪಿನ ಹಿಂದೆ ನಮ್ಮ ಜಿಲ್ಲೆಯವರೊಬ್ಬರಿದ್ದಾರೆ. ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆಗ ನಮ್ಮ ಶ್ರೀಗಂಧದ ಮರ ಯುರೋಪಿಗೆ, ಹೆಚ್ಚಾಗಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಶುರುವಾಯಿತು. ಸಾಗಣೆ ನಿಂತಿತು, ಮರ ಇಲ್ಲೇ ರಾಶಿ ಬಿತ್ತು. 1916ರಲ್ಲಿ ಮೈಸೂರಿನಲ್ಲೇ ಗಂಧದೆಣ್ಣೆ ಕಾರ್ಖಾನೆ ತೆರೆದರು. ಆಮೇಲೆ ಅದೇ ಎಣ್ಣೆಯಿಂದ ಬೆಂಗಳೂರಿನಲ್ಲಿ ಸೋಪು. ಅದನ್ನು ಹದಕ್ಕೆ ತಂದವರು ಇಂಗ್ಲೆಂಡಿನಲ್ಲಿ ಕಲಿತು ಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು. ಜನ ಅವರನ್ನು ಸೋಪು ಶಾಸ್ತ್ರಿ ಎಂದೇ ಕರೆದರು.

ಮಾಡುವುದು ಒಂದು, ಮಾರುವುದು ಇನ್ನೊಂದು. ಶಾಸ್ತ್ರಿಗಳು ಸೋಪನ್ನು ಮೊಟ್ಟೆಯಾಕಾರಕ್ಕೆ ತಂದು, ಒಡವೆ ಇಡುವ ಡಬ್ಬಿಯಂಥ ಡಬ್ಬಿಯೊಳಗೆ ಹಾಕಿಸಿದರು. ಅದರ ಚಿತ್ರ ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಬಂತು. ಕರಾಚಿಯಲ್ಲಿ ಇದಕ್ಕಾಗಿ ಒಂಟೆಗಳ ಮೆರವಣಿಗೆಯೇ ನಡೆಯಿತು! ಬೆಂಕಿಪೊಟ್ಟಣದ ಮೇಲೆ ಎಷ್ಟು ಜಾಗ ಇರುತ್ತದೆ ಹೇಳಿ? ಹೆಬ್ಬೆರಳಿಟ್ಟರೆ ಅರ್ಧ ಮುಚ್ಚಿಹೋಗುತ್ತದೆ. ಈಗಿನ ಹತ್ತು ಸೆಕೆಂಡಿನ ವಿಡಿಯೊ ಇದ್ದ ಹಾಗೆ. ಆದರೆ ಗಂಧ, ಅರಮನೆ, ಒಡವೆ ಎಲ್ಲ ಜನರ ತಲೆಯಲ್ಲಿ ಮೊದಲೇ ಇದ್ದವು. ಶರಭನಂಥ ಪ್ರಾಣಿಗಳನ್ನು ಗುಡಿಯ ಕಂಬದ ಮೇಲೆ ನೋಡಿದ್ದರು. ಓದು ಬಾರದ ಅಜ್ಜಿಯೂ ಅಂಗಡಿಯಲ್ಲಿ ಆ ಡಬ್ಬಿಯನ್ನು ಬೆರಳು ಮಾಡಿ ತೋರಿಸಬಹುದಿತ್ತು.

ಚಿಂತಾಮಣಿ ಪೇಟೆಯಲ್ಲಿ ಆಟೋದ ಮೈಕು ದಿನವಿಡೀ ‘ಭಾರಿ ರಿಯಾಯಿತಿ’ ಎಂದು ಕೂಗುತ್ತದೆ. ಸಂಜೆ ಹೊತ್ತಿಗೆ ಯಾವ ಅಂಗಡಿ ಎಂದು ಕೇಳಿದರೆ, ನಿಜ ಹೇಳಬೇಕೆಂದರೆ, ನನಗಂತೂ ನೆನಪಿರುವುದಿಲ್ಲ.

ಶಿಡ್ಲಘಟ್ಟದ್ದು ಬೇರೆಯೇ ಸಂಕಟ. ಅಲ್ಲಿ ಕತೆಗೆ ಕೊರತೆಯಿಲ್ಲ. ಆದರೆ ರೀಲರ್‌ಗಳು ತೆಗೆದ ರೇಷ್ಮೆ ನೂಲು ದೂರದ ಊರುಗಳ ಮಗ್ಗಕ್ಕೆ ಹೋಗುತ್ತದೆ. ಸೀರೆಯ ಜಾಹೀರಾತಿನಲ್ಲಿ ಮದುವೆ ಮನೆ, ತಾಯಿ, ಮಗಳು, ಮಗ್ಗದ ಊರಿನ ಹೆಸರು ಎಲ್ಲ ಇರುತ್ತದೆ. ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದವರು, ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕಿದವರು ಅದರಲ್ಲಿ ಕಾಣುವುದಿಲ್ಲ. ಗಂಧದ ಮರ ಜರ್ಮನಿಗೆ ಹೋಗುತ್ತಿದ್ದ ಕಾಲದ ಹಾಗೆಯೇ. ಗೂಡಿನ ರೇಟು ಬಿದ್ದ ದಿನ ಮಾರುಕಟ್ಟೆಯಲ್ಲಿ ನಿಂತವರ ಹತ್ತಿರ ತಮ್ಮ ಹೆಸರಿನಲ್ಲಿ ಮಾರಲು ಇನ್ನೇನೂ ಇರುವುದಿಲ್ಲ.