ಬ್ರಹ್ಮಗಿರಿಯ ಕಲ್ಲುಗೊಡಲಿ: ಸಿಕ್ಕ ಜಾಗದ ಪ್ರಶ್ನೆ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ಅಶೋಕನ ಶಾಸನ ನೆನಪಾಗುತ್ತದೆ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಇಲ್ಲಿಯೂ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಆ ಶಾಸನಗಳನ್ನು ಬೆಳಕಿಗೆ ತಂದರು. ಆದರೆ ಹಳೆಯ ವಸ್ತು ಕೂಡಿಡುವವರ ಕೈಗೆ ಬೇಗ ಸಿಗುವುದು ಅಕ್ಷರವಿಲ್ಲದ ಸಾಮಗ್ರಿ: ನಯಗೊಳಿಸಿದ ಕಲ್ಲುಗೊಡಲಿ, ಬೃಹತ್ ಶಿಲಾ ಗೋರಿಗಳ ಮಡಕೆ ಕುಡಿಕೆ. ಇವುಗಳ ನಿಜವಾದ ಬೆಲೆ ಇರುವುದು ಅವು ಸಿಕ್ಕ ಜಾಗದಲ್ಲಿ ಎಂಬುದು ನನ್ನ ವಾದ.

ಎಂ.ಎಚ್. ಕೃಷ್ಣ ಅವರು ಮೊದಲೇ ಅಗೆದಿದ್ದ ಈ ನೆಲೆಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ತಳದಲ್ಲಿ ಕಲ್ಲುಗೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಳಸಿದ ಗೋರಿಗಳ ಜನ, ಎಲ್ಲಕ್ಕೂ ಮೇಲೆ ಶಾತವಾಹನರ ಕಾಲದ ವಸತಿ. ನಡುನಡುವೆ ಎರಡು ಕಾಲದ ವಸ್ತುಗಳು ಬೆರೆತ ಪದರವೂ ಇತ್ತು. ಕಾಲ ಗೊತ್ತುಮಾಡಲು ನೆರವಾದದ್ದು ಮಡಕೆಯ ಚೂರು. ತಟ್ಟೆಯ ಒಳತಳದಲ್ಲಿ ಹಲ್ಲುಚಕ್ರ ಉರುಳಿಸಿ ಮೂಡಿಸಿದ ಚುಕ್ಕೆಗಳ ಸುತ್ತು. ಅಂಥದ್ದೇ ತಟ್ಟೆಗಳು 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ಕಾಲ ಗೊತ್ತಿದ್ದ ಇಟಲಿಯ ಕೆಂಪು ಪಾತ್ರೆಗಳೊಡನೆ ಸಿಕ್ಕಿದ್ದವು. ಆ ಚೂರುಗಳನ್ನು ಯಾರಾದರೂ ಮೊದಲೇ ಆಯ್ದುಕೊಂಡು ಹೋಗಿದ್ದರೆ ಬ್ರಹ್ಮಗಿರಿಯ ಪದರಗಳಿಗೆ ಅಂದು ಆ ಆಧಾರವೇ ಇರುತ್ತಿರಲಿಲ್ಲ.

ವೀಲರ್ ಕಲ್ಲುಗೊಡಲಿಯ ಕಾಲವನ್ನು ಕ್ರಿ.ಪೂ. 1000ದ ಸುಮಾರಿಗೆ ಶುರುಮಾಡಿದರು. ಮುಂದೆ ಸುತ್ತಲಿನ ನೆಲೆಗಳ ಇಂಗಾಲದ ಪರೀಕ್ಷೆಗಳು ದಕ್ಷಿಣದ ನವಶಿಲಾಯುಗವನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ವರ್ಷ ಬದಲಾಯಿತು, ಪದರಗಳ ಕ್ರಮ ನಿಂತಿತು. ಯಾವ ವಸ್ತು ಯಾವ ಪದರದ್ದೆಂದು ಬರೆದಿಟ್ಟಿದ್ದರಿಂದಲೇ ಈ ತಿದ್ದುಪಡಿ ಸಾಧ್ಯವಾಯಿತು.

ಕಲ್ಲಿನ ವಸ್ತುವಿನಲ್ಲಿ ಈ ಎಚ್ಚರ ಹೆಚ್ಚು ಬೇಕು. ಈಜಿಪ್ಟಿನ ಸಕ್ಕಾರದಲ್ಲಿ ದೊರೆ ಜೋಸರನ ಮೆಟ್ಟಿಲು ಪಿರಮಿಡ್ಡಿನ ಕೆಳಗಿನ ಸುರಂಗಗಳಲ್ಲಿ ಸುಮಾರು 40,000 ಕಲ್ಲಿನ ಪಾತ್ರೆಗಳಿದ್ದವು. ಜೋಸರ್ ಮೂರನೆಯ ರಾಜವಂಶದವನು. ಹಲವು ಪಾತ್ರೆಗಳ ಮೇಲಿರುವುದು ಮೊದಲೆರಡು ವಂಶಗಳ ದೊರೆಗಳ ಹೆಸರು. ಕಲ್ಲು ಕೊಳೆಯದು, ಅಜ್ಜನ ಪಾತ್ರೆ ಮೊಮ್ಮಗನ ಗೋರಿ ಸೇರುತ್ತದೆ. ಅಂಥ ಪಾತ್ರೆಯೊಂದು ನೇರ ಹರಾಜಿಗೆ ಬಂದರೆ ಕೆತ್ತಿದ ಹೆಸರು ಉಳಿಯುತ್ತದೆ, ಜೋಸರನ ಗೋರಿಯ ಸುಳಿವು ಅಳಿಯುತ್ತದೆ. ಈಜಿಪ್ಟ್ 1983ರ ಕಾನೂನಿನಿಂದ ಪ್ರಾಚ್ಯವಸ್ತುಗಳ ಮಾರಾಟ ನಿಲ್ಲಿಸಿತು. ಅದಕ್ಕೆ ಮುಂಚೆ ಹೊರಹೋದವು ಇಂದಿಗೂ ಕೈ ಬದಲಾಗುತ್ತಿವೆ.

ಮತ್ತೆ ಬ್ರಹ್ಮಗಿರಿಯ ಗೋರಿಗಳನ್ನು ನೋಡಿ. ಗುಂಡುಗಳ ಸುತ್ತಿನ ನಡುವೆ, ನೆಲದೊಳಗೆ, ನಾಲ್ಕು ಕಣಶಿಲೆಯ ಚಪ್ಪಡಿಗಳನ್ನು ಒಂದರ ಅಂಚು ಇನ್ನೊಂದನ್ನು ದಾಟುವಂತೆ ಸ್ವಸ್ತಿಕದ ಹಾಗೆ ನಿಲ್ಲಿಸಿದ್ದಾರೆ. ಮಣ್ಣು ಎಷ್ಟು ಒತ್ತಿದರೂ ಒಂದಕ್ಕೊಂದು ಆತುಕೊಂಡು ಒಳಗೆ ಬೀಳವು. ಪೂರ್ವದ ಚಪ್ಪಡಿಯಲ್ಲಿ ದುಂಡು ಕಂಡಿ. ಒಳಗೆ ಕಪ್ಪು-ಕೆಂಪು ಮಡಕೆ, ಕಬ್ಬಿಣದ ಆಯುಧ, ಬಿಡಿಬಿಡಿ ಮೂಳೆ. ದೇಹವನ್ನು ಮೊದಲು ಬೇರೆಡೆ ಬಿಟ್ಟು ಆಮೇಲೆ ಮೂಳೆ ತಂದಿಟ್ಟರೆಂಬುದು ಆ ಮೂಳೆಗಳಿದ್ದ ರೀತಿಯಿಂದ ತಿಳಿದದ್ದು. ನಿಧಿಯಾಸೆಗೆ ಚಪ್ಪಡಿ ಎಬ್ಬಿಸಿದವರಿಗೆ ಚಿನ್ನ ದಕ್ಕುವುದು ಅಪರೂಪ. ಮೂಳೆಗಳ ಆ ಜೋಡಣೆ ಮಾತ್ರ ಮತ್ತೆ ಯಾರಿಗೂ ಸಿಗದು. ಇದು ನನ್ನನ್ನು ಬಹಳ ನೋಯಿಸುವ ನಷ್ಟ.

ಭಾರತದ 1972ರ ಪ್ರಾಚ್ಯವಸ್ತು ಕಾಯ್ದೆ ಪರವಾನಗಿಯಿಲ್ಲದ ವ್ಯಾಪಾರವನ್ನೂ ಖಾಸಗಿಯವರು ವಿದೇಶಕ್ಕೆ ಕಳಿಸುವುದನ್ನೂ ತಡೆಯುತ್ತದೆ. ಆದರೆ ಕೊಡಲಿ ಯಾವ ಹೊಲದ್ದೆಂದು ಬರೆದಿಡುವ ಕೆಲಸ ನಮ್ಮದು. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಹೊಲದಲ್ಲಿ ನೇಗಿಲಿಗೆ ಕಲ್ಲುಗೊಡಲಿ ಎದ್ದರೆ ಇದ್ದಲ್ಲೇ ಫೋಟೊ ತೆಗೆದು, ಸರ್ವೆ ನಂಬರು, ಸಿಕ್ಕ ಆಳ, ಜೊತೆಗಿದ್ದ ಬೋಕಿ ಚೂರುಗಳನ್ನು ಗುರುತುಹಾಕಿ ಪುರಾತತ್ವ ಇಲಾಖೆಗೆ ತಿಳಿಸಬೇಕು.