ಶಸ್ತ್ರಚಿಕಿತ್ಸೆ ಇಲ್ಲದ ಮೂಳೆವಹನ ಶ್ರವಣ ಸಾಧನಗಳು

ಶಬ್ದವನ್ನು ಕಿವಿಯ ನಾಳದ ಮೂಲಕ ಕಳುಹಿಸದೆ, ತಲೆಬುರುಡೆಯ ಮೂಳೆಯನ್ನು ಕಂಪಿಸುವಂತೆ ಮಾಡಿ ಒಳಗಿವಿಗೆ ತಲುಪಿಸುವ, ಹೊರಗಿನಿಂದಲೇ ಧರಿಸಬಹುದಾದ ಉಪಕರಣಗಳನ್ನು ಶಸ್ತ್ರಚಿಕಿತ್ಸೆ ಇಲ್ಲದ ಮೂಳೆವಹನ ಶ್ರವಣ ಸಾಧನಗಳು ಎನ್ನುತ್ತಾರೆ. ಹೊರಗಿವಿಯಲ್ಲಿ ಅಥವಾ ನಡುಗಿವಿಯಲ್ಲಿ ಅಡೆತಡೆ ಉಂಟಾಗಿ ಕೇಳುವಿಕೆ ಕುಂದಿದ್ದು, ಒಳಗಿವಿ ಮಾತ್ರ ಆರೋಗ್ಯವಾಗಿರುವವರಿಗೆ ಇವು ಮುಖ್ಯವಾಗಿ ಉಪಯುಕ್ತ. ತಲೆಪಟ್ಟಿ, ಕಿವಿಯ ಹಿಂದೆ ಅಂಟಿಸುವ ಬಿಲ್ಲೆ ಮತ್ತು ಕನ್ನಡಕ ಇವುಗಳ ಪ್ರಚಲಿತ ರೂಪಗಳು. ಶಸ್ತ್ರಚಿಕಿತ್ಸೆಯ ವಯಸ್ಸು ತಲುಪದ ಶಿಶುಗಳಿಗೆ, ಕಿವಿ ಸೋರುವುದು ನಿಲ್ಲದವರಿಗೆ ಮತ್ತು ಶಸ್ತ್ರಚಿಕಿತ್ಸೆಯನ್ನು ಬಯಸದವರಿಗೆ ಇವನ್ನು ಸೂಚಿಸಲಾಗುತ್ತದೆ.

ಕೇಳುವಿಕೆಯ ಎರಡು ದಾರಿಗಳು

ಸಾಮಾನ್ಯವಾಗಿ ಶಬ್ದದ ಅಲೆಗಳು ಕಿವಿಯ ನಾಳದಲ್ಲಿ ಸಾಗಿ ಕಿವಿತಮಟೆಯನ್ನು ಬಡಿಯುತ್ತವೆ. ಅಲ್ಲಿಂದ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಕಿರುಮೂಳೆಗಳು ಕಂಪನವನ್ನು ಕಾಕ್ಲಿಯ ಎಂಬ ಶಂಖಾಕೃತಿಯ ಒಳಗಿವಿಗೆ ಒಯ್ಯುತ್ತವೆ. ಇದು ವಾಯುವಹನ. ಕಾಕ್ಲಿಯವು ತಲೆಬುರುಡೆಯ ಮೂಳೆಯಲ್ಲಿಯೇ ಹುದುಗಿರುವುದರಿಂದ, ಬುರುಡೆ ಕಂಪಿಸಿದರೆ ಅದರೊಳಗಿನ ದ್ರವವೂ ಕಂಪಿಸುತ್ತದೆ. ಇದು ಮೂಳೆವಹನ. ನಾವು ಮಾತನಾಡುವಾಗ ನಮ್ಮ ಧ್ವನಿ ಈ ಎರಡೂ ದಾರಿಗಳಿಂದ ನಮಗೆ ಕೇಳಿಸುತ್ತದೆ. ಧ್ವನಿಮುದ್ರಣದಲ್ಲಿ ಮೂಳೆಯ ಪಾಲು ಇಲ್ಲದಿರುವುದರಿಂದಲೇ ಅದು ಬೇರೆ ಯಾರದೋ ಧ್ವನಿಯಂತೆ ತೋರುತ್ತದೆ.

ಎರಡು ದಾರಿಗಳೂ ಕೊನೆಗೆ ಒಂದೇ ಅಂಗವನ್ನು ಸೇರುತ್ತವೆ ಎಂಬುದಕ್ಕೆ ಗಿಯೋರ್ಗ್ ಫಾನ್ ಬೆಕೆಸಿ 1932ರಲ್ಲಿ ಪ್ರಯೋಗದ ಆಧಾರ ಒದಗಿಸಿದನು. ಗಾಳಿಯ ಮೂಲಕ ಬಂದ ಸ್ವರವನ್ನು ಮೂಳೆಯ ಮೂಲಕ ಕಳುಹಿಸಿದ ಸ್ವರದಿಂದ ರದ್ದುಗೊಳಿಸಬಹುದೆಂದು ಅವನು ತೋರಿಸಿದನು. ಮೂಳೆವಹನ ಸಾಧನಗಳ ತತ್ತ್ವವೆಲ್ಲ ಇದರಲ್ಲಿ ಅಡಗಿದೆ: ಮುಂಬಾಗಿಲು ಮುಚ್ಚಿದ್ದರೂ ಮನೆಯೊಳಗೆ ಹೋಗಲು ಇನ್ನೊಂದು ಬಾಗಿಲಿದೆ.

ವಹನ ಶ್ರವಣದೋಷ

ಹೊರಗಿವಿ ಅಥವಾ ನಡುಗಿವಿಯ ತೊಂದರೆಯಿಂದ ಶಬ್ದವು ಒಳಗಿವಿಯನ್ನು ತಲುಪದಿರುವುದನ್ನು ವಹನ ಶ್ರವಣದೋಷ ಎನ್ನುತ್ತಾರೆ. ಗಟ್ಟಿಯಾದ ಗುಗ್ಗೆ, ತೂತಾದ ಕಿವಿತಮಟೆ, ದೀರ್ಘಕಾಲದ ಕಿವಿ ಸೋರುವಿಕೆ, ನಡುಗಿವಿಯಲ್ಲಿ ತುಂಬಿಕೊಂಡ ದ್ರವ, ರಿಕಾಪು ಮೂಳೆ ಬಿಗಿದುಕೊಳ್ಳುವ ಓಟೋಸ್ಕ್ಲೆರೋಸಿಸ್ ಇದರ ಸಾಮಾನ್ಯ ಕಾರಣಗಳು. ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಹೊರಗಿವಿ ಬೆಳೆದಿರುವುದಿಲ್ಲ, ನಾಳ ಮುಚ್ಚಿರುತ್ತದೆ. ಈ ದೋಷ ಎಷ್ಟೇ ಹೆಚ್ಚಿದರೂ ಸುಮಾರು 60 ಡೆಸಿಬೆಲ್ ಮೀರುವುದಿಲ್ಲ, ಏಕೆಂದರೆ ಅದಕ್ಕಿಂತ ಜೋರಾದ ಶಬ್ದವು ತಾನೇ ಬುರುಡೆಯನ್ನು ಕಂಪಿಸತೊಡಗುತ್ತದೆ. ಆದರೆ 60 ಡೆಸಿಬೆಲ್ ಎಂದರೆ ಎದುರಿಗೆ ಕುಳಿತವರ ಸಾಧಾರಣ ಮಾತೇ ಸರಿಯಾಗಿ ಕೇಳಿಸದಷ್ಟು ನಷ್ಟ.

ದೋಷವನ್ನು ಗುರುತಿಸಲು ಶ್ರುತಿಕವೆಯ ಎರಡು ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ವೆಬರ್ ಪರೀಕ್ಷೆಯಲ್ಲಿ ಕವೆಯನ್ನು ಹಣೆಯ ನಡುವೆ ಇಟ್ಟಾಗ, ವಹನ ದೋಷವಿರುವ ಕಿವಿಯಲ್ಲಿಯೇ ಶಬ್ದ ಹೆಚ್ಚಾಗಿ ಕೇಳಿಸುತ್ತದೆ. ಮೊದಲ ಬಾರಿ ಇದನ್ನು ಅನುಭವಿಸಿದವರಿಗೆ ಆಶ್ಚರ್ಯವಾಗುವುದು ಸಹಜ. 1855ರಲ್ಲಿ ಬಂದ ರಿನ್ನೆ ಪರೀಕ್ಷೆಯಲ್ಲಿ ಕಿವಿಯ ಮುಂದೆ ಹಿಡಿದ ಕವೆಗಿಂತ ಕಿವಿಯ ಹಿಂದಿನ ಮೂಳೆಗೆ ತಾಗಿಸಿದ ಕವೆಯೇ ಜೋರಾಗಿ ಕೇಳಿಸಿದರೆ ದೋಷ ವಹನದ್ದೆಂದು ತಿಳಿಯುತ್ತದೆ. ಆಡಿಯೋಗ್ರಾಮ್ ಎಂಬ ಶ್ರವಣನಕ್ಷೆಯಲ್ಲಿ ವಾಯುವಹನದ ಗೆರೆಗೂ ಮೂಳೆವಹನದ ಗೆರೆಗೂ ನಡುವೆ ಕಾಣುವ ಅಂತರವು ದೋಷದ ಅಳತೆ.

ಇತಿಹಾಸ

ಹಲ್ಲಿನಲ್ಲಿ ಕಚ್ಚಿಹಿಡಿದ ಕೋಲಿನ ಮೂಲಕ ಶಬ್ದ ಕೇಳಬಹುದೆಂದು 16ನೆಯ ಶತಮಾನದ ಇಟಲಿಯ ವೈದ್ಯ ಹಾಗೂ ಗಣಿತಜ್ಞ ಜಿರೊಲಾಮೊ ಕಾರ್ಡಾನೊ ಬರೆದಿದ್ದಾನೆ. 1879ರಲ್ಲಿ ಅಮೆರಿಕದ ಷಿಕಾಗೋದ ರಿಚರ್ಡ್ ರೋಡ್ಸ್ ‘ಆಡಿಫೋನ್’ ಎಂಬ ಬೀಸಣಿಗೆಯಂತಹ ಸಾಧನಕ್ಕೆ ಪೇಟೆಂಟ್ ಪಡೆದನು. ಅದರ ಅಂಚನ್ನು ಮೇಲಿನ ಹಲ್ಲುಗಳಿಗೆ ಒತ್ತಿ ಹಿಡಿಯಬೇಕಾಗಿತ್ತು. 1930ರ ದಶಕದಲ್ಲಿ ಮೂಳೆಯನ್ನು ಕಂಪಿಸುವ ವಿದ್ಯುತ್ ಸಾಧನಗಳೂ, 1950ರ ದಶಕದಲ್ಲಿ ಕನ್ನಡಕದೊಳಗೆ ಅಡಗಿದ ಸಾಧನಗಳೂ ಬಂದವು. 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಆಂಡರ್ಸ್ ಶೆಲ್‌ಸ್ಟ್ರೋಮ್ ಮತ್ತು ಸಹೋದ್ಯೋಗಿಗಳು ಬುರುಡೆಗೆ ಟೈಟೇನಿಯಂ ತಿರುಪು ಕೂಡಿಸಿ ಸಾಧನವನ್ನು ಜೋಡಿಸಿದರು. ಇದು ಶಸ್ತ್ರಚಿಕಿತ್ಸೆಯ ಮಾರ್ಗ. ಆ ಮಾರ್ಗಕ್ಕಾಗಿ ರೂಪುಗೊಂಡ ಉತ್ತಮ ಸಂಸ್ಕಾರಕಗಳನ್ನೇ ಮುಂದೆ ಬಟ್ಟೆಯ ಪಟ್ಟಿಗೆ ಸಿಕ್ಕಿಸಿ ಧರಿಸುವ ಕ್ರಮ ಬಂದದ್ದು ಶಿಶುಗಳ ಪಾಲಿಗೆ ದೊಡ್ಡ ಲಾಭವಾಯಿತು.

ಸಾಧನದ ಬಗೆಗಳು

ಎಲ್ಲ ಬಗೆಗಳಲ್ಲೂ ಶಬ್ದವನ್ನು ಹಿಡಿಯುವ ಮೈಕ್ರೋಫೋನ್, ಅದನ್ನು ಹಿಗ್ಗಿಸುವ ಸಂಸ್ಕಾರಕ ಹಾಗೂ ಚರ್ಮಕ್ಕೆ ಒತ್ತಿಕೊಂಡಿರುವ ಕಂಪಕ ಇರುತ್ತವೆ. ಕಂಪಕವನ್ನು ಸಾಮಾನ್ಯವಾಗಿ ಕಿವಿಯ ಹಿಂದಿನ ಉಬ್ಬಾದ ಮಾಸ್ಟಾಯ್ಡ್ ಮೂಳೆಯ ಮೇಲೆ ಇರಿಸುತ್ತಾರೆ.

ಮೃದು ತಲೆಪಟ್ಟಿಯು ಹಿಗ್ಗುವ ಬಟ್ಟೆಯದು. ಬಾಹಾ, ಪೊಂಟೊ ಮೊದಲಾದ ಸಂಸ್ಕಾರಕಗಳನ್ನು ಇದಕ್ಕೆ ಸಿಕ್ಕಿಸಬಹುದು. ಕೆಲವೇ ತಿಂಗಳ ಶಿಶುವಿಗೂ ಇದನ್ನು ಕಟ್ಟಬಹುದಾಗಿರುವುದು ಇದರ ಹಿರಿಮೆ. ಬುರುಡೆಯ ಮೂಳೆ ಸಾಕಷ್ಟು ದಪ್ಪವಾಗಬೇಕಾದ್ದರಿಂದ ತಿರುಪು ಕೂಡಿಸುವ ಶಸ್ತ್ರಚಿಕಿತ್ಸೆಯನ್ನು ಅಮೆರಿಕದಲ್ಲಿ 5 ವರ್ಷ ತುಂಬಿದ ಮಕ್ಕಳಿಗೆ ಮಾತ್ರ ಅನುಮೋದಿಸಲಾಗಿದೆ. ಆದರೆ ಭಾಷೆಯ ಕಲಿಕೆ ಐದು ವರ್ಷ ಕಾಯುವುದಿಲ್ಲ. ಮಗು ಮೊದಲ ಮಾತಾಡುವ ಮುನ್ನ ತಿಂಗಳುಗಟ್ಟಲೆ ಕೇಳಿರಬೇಕು. 1 ತಿಂಗಳೊಳಗೆ ತಪಾಸಣೆ, 3 ತಿಂಗಳೊಳಗೆ ದೋಷದ ನಿರ್ಣಯ, 6 ತಿಂಗಳೊಳಗೆ ಸಾಧನ ಮತ್ತು ತರಬೇತಿ ಎಂಬುದು ನವಜಾತ ಶಿಶುಗಳ ಶ್ರವಣರಕ್ಷಣೆಯಲ್ಲಿ ಒಪ್ಪಿತವಾದ ಗುರಿ. ಎರಡೂ ಕಿವಿಯ ನಾಳ ಮುಚ್ಚಿ ಹುಟ್ಟಿದ ಮಗುವಿನ ವಿಷಯದಲ್ಲಿ ‘ದೊಡ್ಡವನಾದ ಮೇಲೆ ಆಪರೇಷನ್ ಮಾಡಿಸೋಣ’ ಎಂದು ಸುಮ್ಮನಿರುವುದು ಹಾನಿಕರ. ಮುಂದೆ ಶಸ್ತ್ರಚಿಕಿತ್ಸೆ ನಡೆಯಲಿ ಬಿಡಲಿ, ಪಟ್ಟಿಯನ್ನು ಈಗಲೇ ಕಟ್ಟಬಹುದು. ಸೀಳು ಅಂಗುಳ ಅಥವಾ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ನಡುಗಿವಿಯ ದ್ರವ ಮತ್ತೆ ಮತ್ತೆ ತುಂಬಿಕೊಳ್ಳುವುದುಂಟು. ಅವರಿಗೂ ಪಟ್ಟಿ ನೆರವಾಗುತ್ತದೆ.

ಉಕ್ಕಿನ ತಲೆಪಟ್ಟಿಯು ಹಳೆಯ ಮಾದರಿ. ಜೇಬಿನಲ್ಲಿಟ್ಟುಕೊಳ್ಳುವ ಶ್ರವಣ ಸಾಧನಕ್ಕೆ ತಂತಿಯ ಮೂಲಕ ಕಂಪಕವನ್ನು ಜೋಡಿಸಿ ಬಳಸುವುದೂ ಉಂಟು. ನೋಡಲು ಚೆಂದವಲ್ಲ, ಒತ್ತುತ್ತದೆ, ಆದರೆ ಬೆಲೆ ಕಡಿಮೆ. ತಲೆಯ ಹಿಂಭಾಗದಲ್ಲಿ ಧರಿಸುವ ಕಮಾನಿನಂತಹ ‘ಸೌಂಡ್ ಆರ್ಕ್’ ಇದರ ಹಗುರವಾದ ಹೊಸ ರೂಪ.

ಅಂಟುಬಿಲ್ಲೆಯ ಸಾಧನದಲ್ಲಿ ಪಟ್ಟಿಯೇ ಇರುವುದಿಲ್ಲ. ಆಸ್ಟ್ರಿಯಾದ ಮೆಡ್-ಎಲ್ ಸಂಸ್ಥೆಯ ‘ಆಡ್‌ಹಿಯರ್’ 2017ರಲ್ಲಿ ಬಳಕೆಗೆ ಬಂದಿತು. ಕೂದಲಿಲ್ಲದ ಚರ್ಮದ ಮೇಲೆ ಬಿಲ್ಲೆಯನ್ನು ಅಂಟಿಸಿ, ಅದಕ್ಕೆ ಸಂಸ್ಕಾರಕವನ್ನು ಸಿಕ್ಕಿಸುತ್ತಾರೆ. ಚರ್ಮದ ಮೇಲೆ ಒತ್ತಡ ಬೀಳುವುದಿಲ್ಲ. ಬಿಲ್ಲೆಯನ್ನು 3ರಿಂದ 7 ದಿನಗಳಿಗೊಮ್ಮೆ ಬದಲಿಸಬೇಕಾದ್ದರಿಂದ ಖರ್ಚು ಮುಂದುವರಿಯುತ್ತಲೇ ಇರುತ್ತದೆ. ಮೂಳೆವಹನದ ಮಟ್ಟ 25 ಡೆಸಿಬೆಲ್ ಒಳಗಿರುವವರಿಗೆ ಮಾತ್ರ ಇದು ಹೊಂದುತ್ತದೆ.

ಕನ್ನಡಕದ ಸಾಧನಗಳಲ್ಲಿ ಕಡ್ಡಿಯ ತುದಿಯೇ ಕಂಪಕ. ಚೌಕಟ್ಟು ಬಿಗಿಯಾಗಿ ಕೂರದಿದ್ದರೆ ಶಬ್ದ ಕುಂದುವುದರಿಂದ ಇವು ಹೆಚ್ಚಾಗಿ ವಯಸ್ಕರಿಗೇ ಸೂಕ್ತ.

ವ್ಯಾಯಾಮ ಮಾಡುವವರಿಗೆಂದು ಮಾರಾಟವಾಗುವ ಮೂಳೆವಹನ ಹೆಡ್‌ಫೋನುಗಳು ಈ ಗುಂಪಿಗೆ ಸೇರುವುದಿಲ್ಲ. ಅವು ಫೋನಿನ ಸಂಗೀತವನ್ನು ಕೇಳಿಸುತ್ತವೆ. ಸುತ್ತಲಿನ ಮಾತನ್ನು ಹಿಡಿದು, ಬಳಸುವವರ ಶ್ರವಣನಕ್ಷೆಗೆ ತಕ್ಕಂತೆ ಹಿಗ್ಗಿಸುವುದು ಅವುಗಳ ಕೆಲಸವಲ್ಲ.

ಮಿತಿಗಳು

ಕಂಪನವು ಚರ್ಮವನ್ನು ದಾಟುವಾಗ ಸ್ವಲ್ಪ ಶಕ್ತಿ ಕಳೆದುಹೋಗುತ್ತದೆ. ಹೆಚ್ಚಿನ ಆವೃತ್ತಿಗಳಲ್ಲಿ ಈ ನಷ್ಟ ತಿರುಪಿನ ಸಾಧನಕ್ಕೆ ಹೋಲಿಸಿದರೆ 10 ಡೆಸಿಬೆಲ್ ಮೀರುವುದುಂಟು. ಸಕಾರ, ಶಕಾರಗಳ ತಿರುಳು ಇರುವುದು ಆ ಆವೃತ್ತಿಗಳಲ್ಲಿಯೇ. ಹೀಗಾಗಿ ‘ಸಾಲು’ ಮತ್ತು ‘ಶಾಲು’ ಒಂದೇ ಆಗಿ ಕೇಳಿಸಬಹುದು. ಒಳಗಿವಿಯೂ ಹಾಳಾಗಿರುವ ಮಿಶ್ರದೋಷದಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಒಳಗಿವಿಯ ದೋಷವೇ ತೀವ್ರವಾಗಿದ್ದರೆ ಇವುಗಳಿಂದ ಪ್ರಯೋಜನವಿಲ್ಲ.

ಪಟ್ಟಿ ಬಿಗಿಯಾದರೆ ಚರ್ಮ ಕೆಂಪಾಗುತ್ತದೆ, ನೋಯುತ್ತದೆ. ಸಡಿಲವಾದರೆ ಶಬ್ದ ಕುಂದುತ್ತದೆ, ಸಾಧನ ಸಿಳ್ಳೆ ಹಾಕುತ್ತದೆ. ಬುರುಡೆಯ ಒಂದು ಬದಿಯ ಕಂಪನವು ಎರಡೂ ಕಾಕ್ಲಿಯಗಳನ್ನು ತಲುಪುವುದರಿಂದ ಒಂದೇ ಸಾಧನದಿಂದ ಮಾತು ಕೇಳಿಸುತ್ತದೆ, ಆದರೆ ಶಬ್ದ ಯಾವ ಕಡೆಯಿಂದ ಬಂದಿತೆಂದು ತಿಳಿಯುವುದು ಕಷ್ಟ. ಎರಡೂ ಕಿವಿಗಳಲ್ಲಿ ದೋಷವಿದ್ದರೆ ಎರಡು ಸಾಧನಗಳು ಸ್ವಲ್ಪಮಟ್ಟಿಗೆ ನೆರವಾಗುತ್ತವೆ.

ಆಯ್ಕೆ ಮತ್ತು ಬಳಕೆ

ಮೊದಲು ಕಿವಿ, ಮೂಗು, ಗಂಟಲು ತಜ್ಞರು ದೋಷದ ಕಾರಣವನ್ನು ನೋಡಬೇಕು. ಗುಗ್ಗೆ ತೆಗೆದರೆ ಅಥವಾ ಔಷಧದಿಂದ ಸರಿಹೋಗುವ ದೋಷಕ್ಕೆ ಸಾಧನದ ಅಗತ್ಯವೇ ಇಲ್ಲ. ಕಿವಿ ಸೋರುತ್ತಿರುವಾಗ ನಾಳವನ್ನು ಮುಚ್ಚುವ ಅಚ್ಚಿನ ಸಾಧನ ಸೋಂಕನ್ನು ಹೆಚ್ಚಿಸಬಹುದು. ಮೂಳೆವಹನ ಸಾಧನದಲ್ಲಿ ಕಿವಿಗೆ ಗಾಳಿಯಾಡುತ್ತದೆ. ಕೊಳ್ಳುವ ಮುನ್ನ ಶ್ರವಣತಜ್ಞರ ಎದುರಿನಲ್ಲಿ ಧರಿಸಿ ನೋಡಲು ಸಾಧ್ಯವಿರುವುದು ಈ ಸಾಧನಗಳ ಒಂದು ಅನುಕೂಲ. ಮುಂದೆ ಶಸ್ತ್ರಚಿಕಿತ್ಸೆ ಬಯಸುವವರಿಗೂ ತಲೆಪಟ್ಟಿಯಲ್ಲಿ ಸಾಧನವನ್ನು ಮೊದಲು ಪರೀಕ್ಷಿಸುವ ವಾಡಿಕೆಯಿದೆ. ಕರ್ನಾಟಕದಲ್ಲಿ ಶ್ರವಣ ಪರೀಕ್ಷೆ, ಸಾಧನದ ಆಯ್ಕೆ ಮತ್ತು ಭಾಷಾ ತರಬೇತಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಪ್ರಮುಖ ಕೇಂದ್ರ.

ಶಾಲೆಯಲ್ಲಿ ಕರೆದರೆ ಓಗೊಡದ ಮಗುವನ್ನು ದಡ್ಡನೆಂದೋ ಹಟಮಾರಿಯೆಂದೋ ಎಣಿಸುವುದು ಇನ್ನೂ ತಪ್ಪಿಲ್ಲ. ಮೊದಲು ಕಿವಿಯ ಪರೀಕ್ಷೆಯಾಗಬೇಕು. ಸಾಧನ ಧರಿಸಿದ ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸಬೇಕು. ಕಪ್ಪುಹಲಗೆಗೆ ಮುಖಮಾಡಿ ಪಾಠ ಹೇಳುವುದನ್ನು ಅಧ್ಯಾಪಕರು ಬಿಡಬೇಕು.

ಚಿಕ್ಕ ಮಕ್ಕಳಲ್ಲಿ ಕಂಪಕದ ಜಾಗವನ್ನು ದಿನಕ್ಕೆ ಕೆಲವು ಬಾರಿ ಸ್ವಲ್ಪ ಸರಿಸಿ ಚರ್ಮವನ್ನು ನೋಡುತ್ತಿರಬೇಕು. ಮಲಗುವಾಗ, ಸ್ನಾನದ ವೇಳೆ ಸಂಸ್ಕಾರಕವನ್ನು ತೆಗೆದಿಡಬೇಕು. ಬಟನ್ ಬ್ಯಾಟರಿಯ ಕೋಶಕ್ಕೆ ಮಕ್ಕಳು ತೆರೆಯಲಾಗದ ಮುಚ್ಚಳವಿರಬೇಕು. ಮಗು ಬ್ಯಾಟರಿಯನ್ನು ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.